ಆರನೆಯ ಚಿತ್ರ

ಕ್ಯಾಮರಾ ಮನೆಗೆ ಬಂದ ದಿನ ಗುಡ್ಡವ್ವ ಅದನ್ನು ಮುಟ್ಟಲಿಲ್ಲ. ದೇವರ ಮನೆಯ ಹೊಸ್ತಿಲ ಬಳಿ ಕೂತು, ಮಗ ಚಾಪೆಯ ಮೇಲಿಟ್ಟ ಆ ಕರಿ ಡಬ್ಬಿಯನ್ನು ದೂರದಿಂದಲೇ ನೋಡಿ, "ಇದಕ್ಕ ಒಂದಽ ಕಣ್ಣೈತಲ್ಲೋ," ಎಂದಳು.

"ಒಂದಽ ಸಾಕಬೇ. ನಿನ್ನ ಎರಡೂ ಕಣ್ಣಿಗಿಂತ ಚುರುಕೈತಿ," ಎಂದ ಶಾಂತಯ್ಯ.

"ಚುರುಕ ಇದ್ದರ ಇರಲಿ. ಎಮ್ಮೀದು ತಗೀ, ಮೋಟಾರದ್ದು ತಗೀ, ಬೇಕಂದ್ರ ನಂದೂ ತಗೀ. ನಿಂದು ಮಾತ್ರ ತಗಸಬ್ಯಾಡ. ನನ್ನ ಮ್ಯಾಲೆ ಆಣಿ ಐತಿ ನೋಡು."

ಅವಳು ಆಣೆ ಇಟ್ಟದ್ದು ಸುಮ್ಮಸುಮ್ಮನೆ ಅಲ್ಲ. ಶಾಂತಯ್ಯನಿಗಿಂತ ಮೊದಲು ಆರು ಮಕ್ಕಳನ್ನು ಹೆತ್ತು, ಆರನ್ನೂ ಮೂರು ವರ್ಷ ತುಂಬುವುದರೊಳಗೆ ಮಣ್ಣಿಗಿಟ್ಟು ಬಂದವಳು. ಏಳನೆಯವನು ಹುಟ್ಟಿದಾಗ ಬಲಗೆನ್ನೆಯ ಮೇಲೆ ಉದ್ದಿನಕಾಳಿನಷ್ಟು ಮಚ್ಚೆ ಇತ್ತು. ಈ ಸಲ ದೃಷ್ಟಿಬೊಟ್ಟನ್ನು ದೇವರೇ ಇಟ್ಟು ಕಳಿಸಿದ್ದಾನೆ ಎಂದು ಗುಡ್ಡವ್ವ ನಂಬಿದಳು. ಹುಡುಗ ಉಳಿದ, ಬೆಳೆದ, ತಂದೆ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಹತ್ತಿಪೇಟೆಯಲ್ಲಿ ಅಂಗಡಿಯನ್ನೂ ನಡೆಸಿದ. ಆದರೂ ಅವನು ಸೀನಿದರೆ ಅವಳು ಈಗಲೂ ಕೈಯೊಳಗಿನ ಕೆಲಸ ನಿಲ್ಲಿಸುತ್ತಿದ್ದಳು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಓಣಿಯ ಹೆಂಗಸರೆಲ್ಲ ಹೇಳುತ್ತಿದ್ದರು. ಪಕ್ಕದ ಮನೆಯ ಯಂಕವ್ವನ ತಮ್ಮ ಕೋಟು ಹಾಕಿಕೊಂಡು ಫೋಟೋ ತೆಗೆಸಿ ವರ್ಷ ತುಂಬುವುದರೊಳಗೆ ತೀರಿಕೊಂಡಿದ್ದ. ಗುಡ್ಡವ್ವನಿಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ.

ಹೀಗಾಗಿ ಇಪ್ಪತ್ತಾರು ವರ್ಷದ ಶಾಂತಯ್ಯನದು ಒಂದೂ ಚಿತ್ರ ಇರಲಿಲ್ಲ. ಮದುವೆಯಲ್ಲಿಯೂ ತೆಗೆಸಿರಲಿಲ್ಲ. ಅಂಥವನಿಗೆ ಮುಂಬಯಿಯಿಂದ ಕ್ಯಾಮರಾ ತರುವ ಹುಚ್ಚು ಯಾಕೆ ಹಿಡಿಯಿತೋ!

ಅವನ ಹೆಂಡತಿ ರತ್ನವ್ವ ಧಾರವಾಡದ ಹುಡುಗಿ. ಹತ್ತೊಂಬತ್ತು ವರ್ಷದವಳು. ಅವಳು ಬೆಳೆದದ್ದೆಲ್ಲ ಅಜ್ಜಿ ಕಾಳವ್ವನ ತೊಡೆಯ ಮೇಲೆ. ಉಂಡ ಅನ್ನಕ್ಕಿಂತ ಕೇಳಿದ ಕತೆಗಳೇ ಹೆಚ್ಚು. ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಬಚ್ಚಿಟ್ಟ ರಾಕ್ಷಸ, ತೆಗೆಯಬಾರದ ಪೆಟ್ಟಿಗೆಯನ್ನು ತೆಗೆದ ಸೊಸೆ, ಹಿಂತಿರುಗಿ ನೋಡಿ ಕಲ್ಲಾದ ಅರಸುಮಗ, ಇವರೆಲ್ಲ ಅವಳಿಗೆ ನೆಂಟರಿದ್ದ ಹಾಗೆ. ಶಾಂತಯ್ಯ ಕ್ಯಾಮರಾದ ಒಳಗುಟ್ಟನ್ನು ಹೇಳಿಕೊಡುವಾಗ ಅವಳು ಗದ್ದಕ್ಕೆ ಕೈಕೊಟ್ಟು ಕೇಳಿದಳು.

"ಒಳಗ ರೀಲ ಐತಿ. ಎಂಟ ಚಿತ್ರಾ ಹಿಡೀತೈತಿ. ಹಿಂದ ಈ ಕೆಂಪ ಕಿಟಕ್ಯಾಗ ನಂಬರ ಕಾಣತೈತಿ ನೋಡು. ಎಂಟೂ ಮುಗದು ಸ್ಟುಡಿಯೋದ ಕತ್ತಲ ಖೋಲಿ ಸೇರೂತನಾ ಡಬ್ಬಿ ತಗೀಬಾರದು. ಬೆಳಕ ಹೊಕ್ತಂದ್ರ ಎಲ್ಲಾ ಸುಟ್ಟಂಗ."

"ಬೆಳಕಿನಿಂದಽ ಚಿತ್ರ ಮೂಡತೈತಿ ಅಂದ್ರಿ ಈಗ!"

"ಮೂಡೂದೂ ಬೆಳಕಿನಿಂದಽ, ಸಾಯೂದೂ ಬೆಳಕಿನಿಂದಽ."

"ನಮ್ಮ ಅಜ್ಜೀ ಕತ್ಯಾಗೂ ತಗೀಬಾರದ ಪೆಟಗಿ ಒಂದ ಇರತೈತ್ರಿ. ಯಾರರ ಒಬ್ಬರು ತಗದಽ ತಗೀತಾರ."

ಶಾಂತಯ್ಯ ನಕ್ಕು, "ನಮ್ಮ ಮನ್ಯಾಗ ಅಂಥಾವ್ರು ಯಾರ ಅದಾರ? ಅವ್ವ ಅಂತೂ ಮುಟ್ಟೂದಿಲ್ಲ. ನೀ ಒಬ್ಬಾಕಿ ಕೈ ಬಿಗಿ ಹಿಡಕೊಂಡಿರು, ಸಾಕು," ಎಂದ.

ಅದು ಮೂವತ್ತೇಳನೆಯ ಇಸವಿ. ಶ್ರಾವಣದ ಮೊದಲಲ್ಲಿ ಹತ್ತಿಪೇಟೆ ತಣ್ಣಗಿದ್ದಾಗ ಶಾಂತಯ್ಯ ಗೌಸಸಾಬನ ಮೋಟಾರು ಗೊತ್ತು ಮಾಡಿದ. ಗೋಕಾವಿಯ ಧಬಧಬೆ, ಘಟಪ್ರಭೆಯ ಜಲಪಾತ, ತುಂಬಿ ಧುಮುಕುತ್ತಿದೆ, ದಂಡೆಯ ಮೇಲೆ ಹಳೆಯ ಶಿವನ ಗುಡಿಯೂ ಇದೆ ಎಂದ ಮೇಲೆ ಗುಡ್ಡವ್ವನೂ ಹೂಂ ಅಂದಳು. ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿದ್ದಾಯಿತು. ಬಿಸಿಲು ಬಿದ್ದ ಹೊತ್ತಿಗೆ ಗೌಸಸಾಬ ಬಾಗಿಲ ಮುಂದೆ ಗಾಡಿ ತಂದು ನಿಲ್ಲಿಸಿದ. ಐವತ್ತರ ಹತ್ತಿರದ ಮನುಷ್ಯ, ಗಾಡಿಯನ್ನು ತಾನೇ ಬಿಚ್ಚಿ ತಾನೇ ಜೋಡಿಸುವ ಮಿಸ್ತ್ರಿ. ಗಾಡಿಗಿಂತ ಅವನ ಮಾತೇ ಮುಂದೆ ಓಡುತ್ತಿತ್ತು.

"ಅವ್ವಾರ, ಹತ್ರಿ. ನೀವು ಕುಂತ ಕೂಡ್ಲೇ ಗಾಲಿ ಚಪ್ಪಟಿ ಆಗಲಿಲ್ಲಂದ್ರ ನಾ ಅಲ್ಲಾನ ಆಣಿ ಮಾಡಿ ಗೋಕಾವಿ ಮುಟ್ಟಸ್ತೀನಿ."

"ನಿನ್ನ ಬಾಯಿಗೆ ಗಾಳಿ ಹಾಕೂದು ಬಿಟ್ಟು ಗಾಲಿಗೆ ಹಾಕೋ ಗೌಸ್ಯಾ," ಎಂದಳು ಗುಡ್ಡವ್ವ.

ಇನ್ನೇನು ಹತ್ತಬೇಕು, ಅಷ್ಟರಲ್ಲಿ ಶಾಂತಯ್ಯ ಅವಳನ್ನು ಮೋಟಾರಿನ ಪಕ್ಕ ನಿಲ್ಲಿಸಿ, ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ಬಗ್ಗಿ ನೋಡಿದ. ಗುಡ್ಡವ್ವ ಇಳಕಲ್ಲ ಸೀರೆಯ ಸೆರಗನ್ನು ತಲೆಯ ಮೇಲೆಳೆದುಕೊಂಡು ಕಲ್ಲಿನ ಹಾಗೆ ಬಿಗಿದು ನಿಂತಳು.

"ಅವ್ವಾ, ನಿನ್ನ ಮಾರಿ ಡಬ್ಬ್ಯಾಗ ಹಿಡಸವಲ್ದು. ಒಂಚೂರು ಸಣ್ಣದ ಮಾಡಬೇ."

ಗುಡ್ಡವ್ವ ನಿಜಕ್ಕೂ ಮುಖ ಸಣ್ಣದು ಮಾಡಲು ಹೋಗಿ, ಏನು ಮಾಡುತ್ತಿದ್ದೇನೆಂದು ಹೊಳೆದ ಕೂಡಲೇ ಬಾಯ್ತುಂಬ ನಕ್ಕುಬಿಟ್ಟಳು. ಟಕ್ ಎಂದು ಸದ್ದಾಯಿತು. ಅದು ಮೊದಲನೆಯ ಚಿತ್ರ.

ಎರಡನೆಯದು ಉಣಕಲ್ಲ ಕೆರೆಯ ಏರಿಯ ಮೇಲೆ, ಗಾಡಿಯ ಮೂತಿಗೆ ಒರಗಿ ಮೀಸೆ ತಿರುವಿದ ಗೌಸಸಾಬನದು. ಲಕಮನಹಳ್ಳಿಯ ಹೊಲಗಳು ದಾಟಿದವು, ಧಾರವಾಡ ದಾಟಿತು. ರತ್ನವ್ವ ತವರಿನ ಓಣಿಯ ಕಡೆಗೆ ಕತ್ತು ಹೊರಳಿಸಿದಳು, ನೋಡನೋಡುತ್ತ ಅದೂ ಹಿಂದಾಯಿತು. ಕಿತ್ತೂರಿನ ಹಾಳು ಕೋಟೆಯಲ್ಲಿ ಅವಳದೊಂದು ಚಿತ್ರ. ಮುಂದೆ ಒಂದು ಆಲದ ಮರದ ಹತ್ತಿರ ಗಾಲಿ ಪಂಕ್ಚರ್ ಆಗಿ, ಗೌಸಸಾಬ ಅಡಿಯಲ್ಲಿ ಮಲಗಿದಾಗ ಅವನ ಎರಡು ಪಾದಗಳದು ನಾಲ್ಕನೆಯದು. "ಮಾರಿಗಿಂತ ಪಾದಾನಽ ಛಲೋ ಬರತಾವ ನಿನ್ನವು," ಎಂದು ಗುಡ್ಡವ್ವ ರೊಟ್ಟಿ ಹರಿಯುತ್ತ ಚುಚ್ಚಿದಳು. ಗೌಸಸಾಬ ಗಾಡಿಯ ಕೆಳಗಿನಿಂದಲೇ, "ಖರೇ ಐತ್ರಿ ಅವ್ವಾರ, ನನ್ನ ಹೇಂತೀನೂ ಅದನ್ನಽ ಅಂತಾಳ," ಎಂದ.

ಗೋಕಾವಿ ಮುಟ್ಟಿದಾಗ ಮಧ್ಯಾಹ್ನ ಬಾಗಿತ್ತು. ನೀರು ಕಾಣುವುದಕ್ಕಿಂತ ಮೊದಲು ಅದರ ಮೊರೆತ ಎದೆಗೆ ತಾಗಿತು. ಘಟಪ್ರಭೆ ಕೆಂಪು ಮಣ್ಣನ್ನೆಲ್ಲ ಕರಗಿಸಿಕೊಂಡು, ಬೆಲ್ಲದ ಪಾಕದ ಬಣ್ಣದಲ್ಲಿ ಬಂಡೆಯಂಚಿನಿಂದ ಕೆಳಗೆ ಬೀಳುತ್ತಿತ್ತು. ಕಣಿವೆಯ ಮೇಲೆ ತೂಗು ಸೇತುವೆ ಜೋಲಾಡುತ್ತಿತ್ತು. ಶಾಂತಯ್ಯ ಧಬಧಬೆಯದು ಐದನೆಯ ಚಿತ್ರ ತೆಗೆದ. ಗುಡ್ಡವ್ವ ಕಾಯಿ ಕರ್ಪೂರ ಹಿಡಿದು ಗುಡಿಯೊಳಗೆ ಹೋದಳು.

ಅವಳ ಸೆರಗು ಕಂಬದ ಆಚೆ ಮರೆಯಾದದ್ದೇ ತಡ, ಶಾಂತಯ್ಯ ಕ್ಯಾಮರಾವನ್ನು ಹೆಂಡತಿಯ ಕೈಯಲ್ಲಿಟ್ಟ.

"ನಂದು ತಗೀ."

ರತ್ನವ್ವ ಅದನ್ನು ಮರಳಿ ಅವನತ್ತ ಚಾಚಿದಳು. "ಬ್ಯಾಡ್ರಿ. ಅತ್ತಿಯವರ ಆಣಿ ಐತಿ."

"ಎಲ್ಲಾರದೂ ಈ ಡಬ್ಬ್ಯಾಗ ಅದಾವು, ನಾ ಒಬ್ಬನಽ ಹೊರಗ. ನಾಳೆ ನಮ್ಮ ಮಕ್ಕಳು, ಅಪ್ಪಾ ನೀ ಬಂದಿದ್ದಿಲ್ಲೇನು ಗೋಕಾವಿಗೆ ಅಂತ ಕೇಳಿದರ ಏನ ಹೇಳ್ಲಿ?" ಅವನು ನಗುತ್ತಲೇ ಹೇಳಿದ, ಆದರೆ ಕಣ್ಣು ನಗುತ್ತಿರಲಿಲ್ಲ. "ಒಂದಽ ಒಂದು. ಅವ್ವಗ ಆಮ್ಯಾಲೆ ನಾನಽ ಹೇಳತೇನಿ. ಚಿತ್ರ ಕೈಯಾಗ ಬಂತಂದ್ರ ಆಕೀನೂ ಬೈಯೂದಿಲ್ಲ, ಎದಿಗೆ ಅವಚಿಕೊಂತಾಳ."

ಅವಳು ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಬಗ್ಗಿದಳು. ಮೇಲಿನ ಪುಟ್ಟ ಗಾಜಿನಲ್ಲಿ ಅವನು ಹೆಬ್ಬೆರಳಿನ ಉಗುರಿನಷ್ಟಾಗಿ ನಿಂತಿದ್ದ. ಹಿಂದೆ ನೀರು ಸದ್ದಿಲ್ಲದೆ ಬೀಳುತ್ತಿರುವಂತೆ ಕಾಣುತ್ತಿತ್ತು. ಬಿಳಿ ಅಂಗಿ, ಕರಿ ಟೊಪ್ಪಿಗೆ, ಹಣೆಯ ಮೇಲೆ ಮೂರೆಳೆ ವಿಭೂತಿ, ಕೆನ್ನೆಯಲ್ಲಿ ಸಾಸಿವೆಗಿಂತ ಸಣ್ಣದಾದ ಮಚ್ಚೆ. ಏಳು ಸಮುದ್ರದಾಚೆಯ ಅರಸುಮಗನನ್ನು ಉಂಗುರದ ಹರಳಿನಲ್ಲಿ ಕಂಡಂತೆ ಆಯಿತು ಅವಳಿಗೆ. ಉಸಿರು ಬಿಗಿಹಿಡಿದು ಕೀಲಿ ಒತ್ತಿದಳು. ಕೈ ಒಂದಿಷ್ಟೂ ಅಲುಗಲಿಲ್ಲ.

"ಆತೇನು?"

"ಆತ್ರಿ."

ಅಷ್ಟರಲ್ಲಿ ಗುಡ್ಡವ್ವ ಪ್ರಸಾದ ಹಿಡಿದು ಹೊರಗೆ ಬಂದಳು. "ಏನ ಮಾಡಾಕತ್ತೀರಿ ಇಬ್ಬರೂ?"

"ನೀರ ನೋಡಾಕತ್ತಿದ್ವಿ ಅತ್ತಿ," ಎಂದಳು ರತ್ನವ್ವ. ಅತ್ತೆಗೆ ಅವಳು ಹೇಳಿದ ಮೊದಲ ಸುಳ್ಳು ಅದು.

ಉಳಿದ ಎರಡನ್ನು ಖಂಡೇನವಮಿಗೆ ಇಡೋಣ, ಹಬ್ಬದಲ್ಲಿ ತೆಗೆದು ಮುಗಿಸಿ ತೊಳೆಯಲು ಕೊಡೋಣ ಎಂದ ಶಾಂತಯ್ಯ. ಅದೂ ಒಂದು ಹಿಡಿತವೇ. ಇದ್ದ ರೀಲನ್ನು ಹಾಳುಮಾಡುವ ಮನುಷ್ಯ ಅವನಲ್ಲ. ಕ್ಯಾಮರಾ ಅವನ ಟ್ರಂಕಿನೊಳಗೆ, ಮಡಿಸಿದ ಧೋತರಗಳ ನಡುವೆ ಕೂತಿತು.

ಹದಿನೈದು ದಿನಕ್ಕೆ ಶಾಂತಯ್ಯನಿಗೆ ಜ್ವರ ಬಂತು. ಮೊದಲು ಕಷಾಯ, ಆಮೇಲೆ ಡಾಕ್ಟರು. ವಿಷಮಜ್ವರ ಎಂದರು. ಹತ್ತೊಂಬತ್ತು ದಿನ ಸುಟ್ಟು ಇಪ್ಪತ್ತನೆಯ ದಿನ ಬೆಳಿಗ್ಗೆ ಅದು ತಣ್ಣಗಾಯಿತು, ಅವನನ್ನೂ ತಣ್ಣಗೆ ಮಾಡಿತು. ಹಣೆಯ ತುಂಬ ವಿಭೂತಿ ಬಳಿದು, ಹೂವು ಮುಡಿಸಿ, ಬಿದಿರಿನ ವಿಮಾನ ಕಟ್ಟಿ, ಅದರಲ್ಲಿ ಕೂಡಿಸಿ ಹೊತ್ತು ಒಯ್ದರು. ಕೂತಂತೆಯೇ ಮಣ್ಣಿಗಿಟ್ಟು ಬಂದರು.

ಗುಡ್ಡವ್ವ ಎದೆ ಬಡಿದುಕೊಳ್ಳಲಿಲ್ಲ. ಗೋಡೆಗೆ ಆತು ಕೂತು ಒಂದೇ ಮಾತನ್ನು ಬಂದವರಿಗೆಲ್ಲ ಹೇಳಿದಳು. "ಒಂದ ಫೋಟೋ ಸೈತ ತಗಸಗೊಡಲಿಲ್ಲ ನಾ. ಆದ್ರೂ ಶಿವ ಒಯ್ದ ನೋಡ್ರಿ."

ಆ ಮಾತು ಕೇಳಿದಾಗಲೆಲ್ಲ ರತ್ನವ್ವ ಎದ್ದು ಒಳಮನೆಗೆ ಹೋಗುವಳು. ಫೋಟೋಕ್ಕೂ ಜ್ವರಕ್ಕೂ ಏನು ಸಂಬಂಧ ಎಂದು ತನಗೆ ತಾನೇ ಹೇಳಿಕೊಳ್ಳುವಳು. ಮರುಗಳಿಗೆಯಲ್ಲಿ ಪೆಟ್ಟಿಗೆ ತೆಗೆದ ಸೊಸೆ, ಗಿಳಿಯ ಕತ್ತು ಹಿಚುಕಿದ ಕೈ ಕಣ್ಣ ಮುಂದೆ ಬರುತ್ತಿದ್ದವು. ಹೇಳಬೇಕೆಂದು ಎರಡು ಸಲ ಅತ್ತೆಯ ಮುಂದೆ ಕೂತಳು. ನೀನೇ ಒಯ್ದಿ ನನ್ನ ಮಗನನ್ನ ಎಂದುಬಿಟ್ಟರೆ? ಎರಡು ಸಲವೂ ನೀರು ಕೊಟ್ಟು ಎದ್ದುಬಂದಳು. ಮೂರನೆಯ ಸಲ ಕೂಡುವುದರೊಳಗೆ ತವರಿನವರು ಬಂದು ಧಾರವಾಡಕ್ಕೆ ಕರೆದೊಯ್ದರು. ಕ್ಯಾಮರಾ ಟ್ರಂಕಿನಲ್ಲೇ ಉಳಿಯಿತು. ಅದನ್ನು ತೆಗೆಯಬಾರದೆನ್ನುವುದು ಮನೆಯಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಒಬ್ಬನು ಮಣ್ಣಿನಲ್ಲಿದ್ದ, ಇನ್ನೊಬ್ಬಳು ಬಾಯಿ ಬಿಡಲಿಲ್ಲ.

ಧಾರವಾಡದಲ್ಲಿ ಅವಳಿಗೆ ಹೊಸ ಭಯ ಹತ್ತಿತು. ಗಂಡನ ಧ್ವನಿ ನೆನಪಿಗೆ ಬರುತ್ತಿತ್ತು. ಚಪ್ಪಲಿಯ ಸದ್ದು, ಉಣ್ಣುವಾಗ ಉಳ್ಳಾಗಡ್ಡಿ ಗುದ್ದುವ ರೀತಿ, ಎಲ್ಲವೂ. ಮುಖ ಮಾತ್ರ ನೀರಿನಲ್ಲಿ ಕಲೆಸಿದ ಹಾಗೆ ಹೋಗುತ್ತಿತ್ತು. ಎರಡೇ ವರ್ಷದ ಸಂಸಾರ. ಅದರಲ್ಲಿ ತಲೆಯೆತ್ತಿ ಗಂಡನ ಮುಖವನ್ನು ನೆಟ್ಟಗೆ ನೋಡಿದ್ದೆಷ್ಟು ಸಲ! ತೊಂದರೆಯಿಲ್ಲ, ಡಬ್ಬಿಯಲ್ಲಿ ಇದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಆ ಸಮಾಧಾನವೊಂದೇ ಅವಳನ್ನು ಊಟಕ್ಕೆ ಎಬ್ಬಿಸುತ್ತಿತ್ತು.

ಖಂಡೇನವಮಿಯ ದಿನ ಗೌಸಸಾಬ ಬಾಗಿಲಿಗೆ ಬಂದು ನಿಂತ. ಗಾಡಿಯ ಮೂತಿಗೆ ಚೆಂಡುಹೂವಿನ ಮಾಲೆ ಇತ್ತು.

"ಅವ್ವಾರು ಕಳಿಸ್ಯಾರವಾ. ಹಬ್ಬದಾಗ ಸೊಸಿ ಮನ್ಯಾಗ ಇರಬೇಕು, ಕರಕೊಂಡ ಬಾ ಅಂದ್ರು. ಮಾಲೀನೂ ಅವರಽ ಹಾಕಿ ಕಳಿಸ್ಯಾರ. ಹಬ್ಬ ನಿಮ್ಮದು, ಸಿಂಗಾರ ನನ್ನ ಗಾಡೀದು."

ದಾರಿಯಲ್ಲಿ ಲಕಮನಹಳ್ಳಿ ದಾಟಿದ ಮೇಲೆ ರತ್ನವ್ವ, "ಗೌಸಕಾಕಾ, ಹುಬ್ಬಳ್ಳ್ಯಾಗ ರೀಲ ತೊಳ್ಯಾವ್ರು ಯಾರರ ನಂಬಿಗಸ್ತರು ಅದಾರೇನ್ರಿ?" ಎಂದಳು.

"ನನ್ನ ತಂಗೀ ಗಂಡ ನಿಜಾಮುದ್ದೀನ ಅದಾನಲ್ಲ. ದುರ್ಗದಬೈಲದಾಗ ಸ್ಟುಡಿಯೋ ಐತಿ ಅವಂದು. ಯಾಕವಾ?"

ಆಗ ಅವಳು ಹೇಳಿದಳು. ಗೋಕಾವಿಯ ಗುಡಿಯ ಹೊರಗೆ ನಡೆದದ್ದನ್ನೆಲ್ಲ ಹೇಳಿದಳು. ಗೌಸಸಾಬ ಗಾಡಿಯ ವೇಗ ತಗ್ಗಿಸಿ, "ಅಣ್ಣಾರದು ಐತಾ ಅದರಾಗ?" ಎಂದ.

"ಐತ್ರಿ. ಎರಡ ಉಳದಾವು. ಇವತ್ತಽ ಅತ್ತಿಯವರದೊಂದು, ಅಂಗಡಿ ತಕ್ಕಡೀದೊಂದು ತಗದು ಮುಗಸ್ತೀನಿ. ನಾಳೆ ನೀವು ಒಯ್ದು ಕೊಡ್ರಿ. ಚಿತ್ರ ಅತ್ತಿಯವರ ಕೈಯಾಗ ಇಟ್ಟಽ ಎಲ್ಲಾ ಹೇಳತೇನಿ. ಬೈದ್ರ ಬೈಲಿ."

ಗಾಡಿ ಮನೆಯ ಮುಂದೆ ನಿಂತಾಗ ಸೂರ್ಯ ನೆತ್ತಿಗೆ ಬಂದಿದ್ದ. ರತ್ನವ್ವ ಒಳಗೆ ಕಾಲಿಟ್ಟವಳು ಅಂಗಳದ ಅಂಚಿನಲ್ಲೇ ನಿಂತಳು.

ಆ ಮನೆಯಲ್ಲಿ ಖಂಡೇನವಮಿಯ ಪೂಜೆಗೆ ಒಂದು ಪದ್ಧತಿ ಇತ್ತು. ದುಡಿಯುವ ವಸ್ತುವನ್ನೆಲ್ಲ ಅಂಗಳಕ್ಕೆ ತಂದು ಮಣೆಯ ಮೇಲಿಟ್ಟು ಪೂಜಿಸುವುದು ಊರಿಗೆಲ್ಲ ಇದ್ದದ್ದೇ. ಇಲ್ಲಿ ಮಾತ್ರ, ಬಾಯಿ ಇದ್ದ ವಸ್ತುವನ್ನೆಲ್ಲ ಬಾಯಿ ತೆರೆದು ಇಡಬೇಕು. ತಿಜೋರಿಯ ಬಾಗಿಲು, ಟ್ರಂಕಿನ ಮುಚ್ಚಳ, ಕಾಳು ತುಂಬಿಡುವ ಹಗೇವಿನ ಬಾಯಿ, ಅಡಕೊತ್ತಿನ ದವಡೆ ಕೂಡ. ಮುಚ್ಚಿದ ಬಾಯಿಗೆ ದೇವರ ವಿಭೂತಿ ಮುಟ್ಟುವುದಿಲ್ಲವೆಂದು ಗುಡ್ಡವ್ವನ ಮಾವನ ಕಾಲದಿಂದ ನಡೆದುಬಂದಿತ್ತು.

ಕುಡುಗೋಲು, ತಕ್ಕಡಿ, ಹತ್ತಿಯ ಕೊಕ್ಕೆ ಸಾಲಾಗಿ ಇದ್ದವು. ಸಾಲಿನ ನಟ್ಟನಡುವೆ, ಬೇರೆ ಮಣೆಯ ಮೇಲೆ, ಕ್ಯಾಮರಾ ಇತ್ತು. ಹಿಂದಿನ ಬಾಗಿಲು ತೆರೆದಿತ್ತು. ಒಳಗಿನ ಚೌಕಟ್ಟನ್ನು ಹೊರಗೆಳೆದು ಪಕ್ಕದಲ್ಲಿ ಒರಗಿಸಿಟ್ಟಿತ್ತು. ಅದರ ಬೆನ್ನಿಗೆ ಬಿಗಿದಿದ್ದ ಕರಿ ಕಾಗದದ ಮೇಲೆ ಮೂರು ಬೆರಳಿನಿಂದ ಎಳೆದ ವಿಭೂತಿ, ಹಣೆಗೆ ಹಚ್ಚಿದ ಹಾಗೆ ಅಚ್ಚುಕಟ್ಟಾಗಿ. ಡಬ್ಬಿಯ ಬರಿದಾದ ಹೊಟ್ಟೆಯಲ್ಲಿ ಒಂದು ಚೆಂಡುಹೂವು. ಅದೆಲ್ಲದರ ಮೇಲೆ ನೆತ್ತಿಯ ಬಿಸಿಲು ಸುರಿಯುತ್ತಿತ್ತು.

"ಬಂದ್ಯೇನವಾ?" ಗುಡ್ಡವ್ವ ಒಳಗಿನಿಂದ ಬಂದಳು. ತಿಂಗಳೊಪ್ಪತ್ತಿನಲ್ಲಿ ಅರ್ಧಕ್ಕರ್ಧ ಸೋತಿದ್ದಳು. ಸೊಸೆಯ ನೋಟ ಎಲ್ಲಿದೆಯೆಂದು ಕಂಡಾಗ ಅತ್ತೆಯ ಮುಖದಲ್ಲಿ ಏನೋ ಒಂದು ಬೆಳಗಿತು. "ರೀಲ ಹಾಕೂವಾಗ ಅಂವಾ ಕೀಲಿ ಜಗ್ಗಿ ಬಾಗಲಾ ತಗದದ್ದು ನೋಡಿದ್ದೆ. ಮುಂಜಾನೆ ನಾನಽ ತಗದೆ. ಎಂದೂ ಮುಟ್ಟಿದ್ದಿಲ್ಲ ನಾ ಅದನ್ನ, ಬೈಕೋತನಽ ಇದ್ದೆ. ಅಂವಂದು ಉಳದದ್ದು ಅದೊಂದಽ ಅಲ್ಲೇನು. ಎಲ್ಲಾದಕ್ಕಿಂತ ಮೊದಲ ಅದಕ್ಕಽ ಪೂಜಿ ಮಾಡೇನಿ."

ರತ್ನವ್ವ ಬಾಯಿ ತೆರೆದಳು. ಅತ್ತೆಯ ಬೆರಳುಗಳಿಗೆ ವಿಭೂತಿ ಇನ್ನೂ ಅಂಟಿತ್ತು. ಅವಳು ಬಾಯಿ ಮುಚ್ಚಿದಳು. ಮೊಳಕಾಲೂರಿ ಕೂತು, ಕೈಮುಗಿದು, ಚೌಕಟ್ಟನ್ನು ಡಬ್ಬಿಯೊಳಗೆ ದೂಡಿ ಬಾಗಿಲು ಹಾಕಿದಳು.

"ಯಾಕವಾ, ಪೂಜಿ ಇಳಿಸೂತನಾ ಇರಲಿ."

"ಧೂಳ ಹೋಗತೈತ್ರಿ ಅತ್ತಿ."

ಬನ್ನಿ ಹಬ್ಬ ಕಳೆದ ಮರುದಿನ ಗೌಸಸಾಬ ಅವಳನ್ನು ದುರ್ಗದಬೈಲಿಗೆ ಕರೆದೊಯ್ದ. ನಿಜಾಮುದ್ದೀನ ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಎಲ್ಲ ಕೇಳಿಕೊಂಡು, ಡಬ್ಬಿ ತೆಗೆದುಕೊಂಡು, ಕರಿ ಪರದೆಯ ಹಿಂದೆ ಹೋದ. ರತ್ನವ್ವ ಬಾಕಿನ ಮೇಲೆ ಕೂತಳು. ಗೋಡೆಯ ಮೇಲೆ ಯಾರುಯಾರೋ ಮದುಮಕ್ಕಳು, ಪೇಟ ಸುತ್ತಿದ ಗೌಡರು, ಮಕ್ಕಳು, ಎಲ್ಲರೂ ಕಣ್ಣು ಪಿಳುಕಿಸದೆ ಅವಳನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಾಯಿತೋ. ಪರದೆ ಸರಿಸಿ ಅವನು ಬಂದಾಗ ತೊಯ್ದ ರೀಲು ಕೈಯಲ್ಲಿ ಜೋತುಬಿದ್ದಿತ್ತು.

"ಬೆಳಕ ತಿಂದೈತ್ರಿ ಅಕ್ಕಾರ. ಸುರುಳಿ ಒಳಗ ಸುತ್ತಿದ್ದದ್ದು ಒಂದ ಪೂರಾ ಉಳದೈತಿ, ಇನ್ನೊಂದು ಅರ್ಧಾ. ಮುಂದಿನವು ಒಂದೂ ಇಲ್ಲ."

"ಆರನೇದು?"

"ಅದನ್ನ ಮುಂದ ಸುತ್ತಿರಲಿಲ್ಲರಿ. ಬಾಯಾಗಽ ಇತ್ತು, ಬೆಳಕಿನ ಎದುರಿಗೆ." ಅವನು ರೀಲನ್ನು ಕಿಟಕಿಗೆ ಹಿಡಿದು ತೋರಿಸಿದ. ಆರನೆಯದು ಇರಬೇಕಾದ ಜಾಗ ಕಾಡಿಗೆಯಷ್ಟು ಕಪ್ಪಗಿತ್ತು. ನಿಜಾಮುದ್ದೀನ ತಲೆ ಕೆಳಗೆ ಹಾಕಿ ಹೇಳಿದ: "ಮಳೀ ನೀರ ಹೊಕ್ಕಿತ್ತು ಅಂತ ಹೇಳ್ರಿ ಮನ್ಯಾಗ. ಕೇಳಿದ್ರ ನಾನೂ ಹಂಗಽ ಹೇಳತೇನಿ."

ಗೌಸಸಾಬ ಹೊರಗೆ ಹೋಗಿ ಗಾಡಿಯ ಗಾಜು ಒರೆಸತೊಡಗಿದ. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸಿದ.

ಎರಡು ದಿನ ಬಿಟ್ಟು ಚಿತ್ರ ಬಂತು. ಸಂಜೆಯ ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತ ಗುಡ್ಡವ್ವನ ಕೈಯಲ್ಲಿ ರತ್ನವ್ವ ಅದನ್ನು ಇಟ್ಟಳು. ಮೋಟಾರಿನ ಪಕ್ಕ ನಿಂತು, ಸೆರಗು ಜಾರಿದ್ದೂ ಅರಿವಿಲ್ಲದೆ, ಬಾಯ್ತುಂಬ ನಗುತ್ತಿರುವ ಹೆಂಗಸು. ಗುಡ್ಡವ್ವ ಅವಳನ್ನು ಪರಕೀಯಳೊಬ್ಬಳನ್ನು ನೋಡುವ ಹಾಗೆ ನೋಡಿದಳು.

"ಯಾರನ್ನ ನೋಡಿ ಇಷ್ಟ ನಗಾಕತ್ತೇನಿ ನಾ?"

ಗುಡ್ಡವ್ವನಿಗೇ ನೆನಪಾಯಿತು. ಚಿತ್ರದೊಳಗಿನ ಹೆಂಗಸಿನ ಕಣ್ಣು ಎತ್ತ ನೋಡುತ್ತಿದ್ದವೋ ಅತ್ತ, ಕಟ್ಟೆಯ ಮುಂದಿನ ಬರಿಯ ನೆಲದತ್ತ, ಅವಳೂ ನೋಡಿದಳು. ಆಮೇಲೆ ಕೇಳಿದಳು: "ಅಂವಂದು ಒಂದೂ ಇಲ್ಲೇನು ಇದರಾಗ? ನಾನಽ ಬ್ಯಾಡ ಅಂದೆ. ಆಣಿ ಇಟ್ಟ ಕೂತೆ, ನಾನಽ ಅಂವನ ಮಾರಿ ಕಳಕೊಂಡೆ."

ಇಲ್ಲ, ತೆಗೆಯಲೇ ಇಲ್ಲ ಎಂದರೆ ಆಣೆ ಅತ್ತೆಯನ್ನು ತಿನ್ನುತ್ತದೆ. ಇತ್ತು, ಬೆಳಕು ತಿಂದಿತು ಎಂದರೆ ಪೂಜೆ ತಿನ್ನುತ್ತದೆ. ಮಳೆಯ ನೀರಿನ ಮಾತು ನಾಲಿಗೆಯ ತುದಿಯಲ್ಲಿತ್ತು, ಆದರೆ ಗೋಕಾವಿಯಿಂದ ಬಂದ ಮೇಲೆ ಪೂಜೆಯ ತನಕ ಆ ಕ್ಯಾಮರಾ ಟ್ರಂಕು ಬಿಟ್ಟು ಹೊರಗೆ ಬಂದಿರಲಿಲ್ಲವೆಂದು ಗುಡ್ಡವ್ವನಿಗೆ ಗೊತ್ತಿತ್ತು. ರತ್ನವ್ವ ಕಟ್ಟೆಯ ಕೆಳಗೆ, ಅತ್ತೆಯ ಕಾಲ ಬಳಿ ಕೂತಳು.

"ತಗದಿದ್ದೆರಿ ಅತ್ತಿ. ಗೋಕಾವ್ಯಾಗ, ನೀವು ಗುಡಿಯಾಗ ಇದ್ದಾಗ. ಅವರು ಬೇಕಂದ್ರು, ನಾ ತಗದೆ. ನನಗ ಬರಲಿಲ್ಲ. ಕೈ ನಡುಗಿ ಎಲ್ಲಾ ಕೆಟ್ಟು ಹೋತು. ನನ್ನಿಂದಽ ಹೋತ್ರಿ ಅದು."

ಗುಡ್ಡವ್ವ ಸೊಸೆಯತ್ತ ತಿರುಗಿದಳು. "ನನ್ನ ಆಣಿ ಮುರದ್ರಿ ಇಬ್ಬರೂ ಕೂಡಿ."

"ಮುರದ್ವಿ."

ರತ್ನವ್ವ ತಲೆ ತಗ್ಗಿಸಿ ಕಾದಳು. ನೀನೇ ಒಯ್ದಿ ಅನ್ನುವ ಮಾತಿಗೆ ಬೆನ್ನು ಒಡ್ಡಿ ಕಾದಳು. ಓಣಿಯಲ್ಲಿ ಎಮ್ಮೆಗಳು ಮನೆಗೆ ಬರುತ್ತಿದ್ದವು. ಯಂಕವ್ವ ಯಾರನ್ನೋ ಕೂಗಿ ಬೈಯುತ್ತಿದ್ದಳು.

"ಬರಲಿಲ್ಲ ಅಂದ್ಯಲ್ಲ," ಎಂದಳು ಗುಡ್ಡವ್ವ ಕೊನೆಗೆ. "ಬರದಿದ್ದ ಚಿತ್ರ ಏನ ಒಯ್ದೀತು ಬಿಡವಾ. ಅಳಬ್ಯಾಡ."

ಸೊಸೆಯ ತಲೆಯ ಮೇಲೆ ಅವಳ ಕೈ ಬಂದು ಕೂತಿತು. ರತ್ನವ್ವ ಆಗ ನಿಜಕ್ಕೂ ಅಳತೊಡಗಿದಳು. ತನ್ನ ಕೈ ನಡುಗಿರಲಿಲ್ಲ. ಚಿತ್ರ ಬಂದಿತ್ತು. ಅದು ಬಂದಿತ್ತೆನ್ನುವುದನ್ನು ಇನ್ನು ಈ ಮನೆಯಲ್ಲಿ ಯಾರಿಗೂ ಹೇಳುವ ಹಾಗಿಲ್ಲ.

"ಹೆಂಗ ನಿಂತಿದ್ದಾ?" ಗುಡ್ಡವ್ವ ಕೇಳಿದಳು.

"ಬಂಡಿಗಲ್ಲಿನ ಮ್ಯಾಲೆ, ನೀರಿಗೆ ಬೆನ್ನ ಮಾಡಿ ನಿಂತಿದ್ರು. ಬಿಳೀ ಅಂಗಿ. ನೀವು ತೊಳದು ಇಟ್ಟಿದ್ರಲ್ಲ, ಅದು."

"ಟೊಪಗಿ?"

"ಹಾಕ್ಕೊಂಡಿದ್ರು. ಗಾಳಿಗೆ ಹಾರೀತಂತ ಒಂದ ಕೈಲೆ ಹಿಡಕೊಂಡಿದ್ರು." ಹಿಡಿದುಕೊಂಡಿದ್ದನೇ? ಅವಳಿಗೆ ಖಚಿತವಿರಲಿಲ್ಲ. ಅಜ್ಜಿಯೂ ಅರಸುಮಗನ ಕುದುರೆಗೆ ಒಂದೊಂದು ದಿನ ಒಂದೊಂದು ಬಣ್ಣ ಹೇಳುತ್ತಿದ್ದಳು.

"ನಗಾಕತ್ತಿದ್ದನೇನು?"

"ನಗಾಕತ್ತಿದ್ರು. ಹಣೀಮ್ಯಾಲೆ ಇಬತ್ತಿ, ಎಡಗಲ್ಲದ ಮ್ಯಾಲೆ ಮಚ್ಚಿ..."

"ಬಲಗಲ್ಲ."

"ಎಡಗಲ್ಲರಿ. ನಾ ನೋಡೇನಲ್ಲ."

"ಹುಚ್ಚಿ, ಹೆತ್ತಾಕಿ ನಾ. ಬಲಗಲ್ಲದಾಗ ಇತ್ತು ಅದು. ಅದನ್ನ ಸವರಿಕೋತನಽ ಹಾಲ ಕುಡಸೇನಿ."

ರತ್ನವ್ವ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ಉಗುರಿನಷ್ಟು ಮನುಷ್ಯ ನಿಂತಿದ್ದ, ಮಚ್ಚೆ ಎಡಗೆನ್ನೆಯ ಮೇಲಿತ್ತು. ಡಬ್ಬಿಯ ಗಾಜು ಕನ್ನಡಿಯ ಹಾಗೆ ಎಡಬಲ ತಿರುವಿ ತೋರಿಸುತ್ತದೆ ಎಂದು ಅವನೇ ಒಮ್ಮೆ ಹೇಳಿದ್ದು ಈಗ ನೆನಪಾಯಿತು. ಎರಡು ವರ್ಷ ಒಂದೇ ಸೂರಿನಡಿ ಇದ್ದ ಗಂಡನದು ಅವಳಲ್ಲಿ ಉಳಿದದ್ದು ಅದಿಷ್ಟೇ, ಅದೂ ತಿರುವುಮುರುವಾಗಿ.

"ಬಲಗಲ್ಲಽ ಇರಬೇಕ್ರಿ," ಎಂದಳು ಮೆಲ್ಲಗೆ.

ಗುಡ್ಡವ್ವ ನಗುತ್ತಿದ್ದ ತನ್ನ ಚಿತ್ರವನ್ನು ಮಡಿಲಲ್ಲಿ ಬೋರಲು ಹಾಕಿ, ಗೋಡೆಗೆ ಒರಗಿ ಕೂತಳು.

"ಮತ್ತ ಮೊದಲಿಂದ ಹೇಳು. ನಾ ಗುಡಿಯೊಳಗ ಹೋದೆ. ಆಮ್ಯಾಲೆ ಅಂವಾ ಏನಂದಾ?"

ಬಿಸಿಲು ಕಟ್ಟೆಯಿಂದ ಕೆಳಗಿಳಿಯುತ್ತಿತ್ತು. ರತ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಮಚ್ಚೆಯನ್ನು ಬಲಗೆನ್ನೆಗೆ ಇಟ್ಟು, ಮೊದಲಿನಿಂದ ಹೇಳತೊಡಗಿದಳು.